ವಕೀಲರು ಉಚಿತ, ಫೈಲು ನೀವೇ ಕಟ್ಟಬೇಕು: ಡಿವಿ ಕೇಸುಗಳಿಗೆ ಬೆಂಗಳೂರಿನಲ್ಲಿ ಸಿಗುವ ಕಾನೂನು ನೆರವು ಹೇಗಿದೆ?

ಡಿವಿ ಕೇಸಿಗೆ, ಅಂದರೆ ಕೌಟುಂಬಿಕ ದೌರ್ಜನ್ಯದ ಅರ್ಜಿಗೆ, ಬೆಂಗಳೂರಿನಲ್ಲಿ ಫೀಸಿಲ್ಲದೆ ವಕೀಲರು ಸಿಗುತ್ತಾರೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಇದರಲ್ಲಿ ಆದಾಯದ ಮಿತಿಯೇ ಇಲ್ಲ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಿಗೂ ಉಂಟು, ವೈಟ್‌ಫೀಲ್ಡಿನ ಐಟಿ ಕಂಪನಿಯಲ್ಲಿ ಇರುವವರಿಗೂ ಉಂಟು. "ನಿಮಗೆ ಸಂಬಳ ಬರುತ್ತಲ್ಲಮ್ಮ, ಇದು ನಿಮಗಲ್ಲ" ಎಂದು ಯಾರಾದರೂ ಅಂದರೆ ಅದೇ ಕಲಮಿನ ಸಿ ಖಂಡ ತೋರಿಸಿ.

ವಕೀಲರನ್ನು ಕೊಡುವುದರಲ್ಲಿ ಈ ವ್ಯವಸ್ಥೆಗೆ ಒಳ್ಳೆಯ ಅಂಕ ಕೊಡಬಹುದು. ಸೊರಗುವುದು ಮೊದಲ ಹದಿನೈದು ದಿನದ ಕಾಗದಪತ್ರದ ಕೆಲಸದಲ್ಲಿ. ಕೇಸು ವರ್ಷಗಟ್ಟಲೆ ಎಳೆಯುವುದಕ್ಕೆ ಬೇಕಾದ ತಪ್ಪುಗಳೆಲ್ಲ ಆಗುವುದೂ ಆಗಲೇ.

ಮೊದಲು ಬಾಗಿಲು. 15100ಕ್ಕೆ ಫೋನ್ ಮಾಡಿದರೆ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ ಸಿಗುತ್ತದೆ. ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಡಿವಿ ಅರ್ಜಿಗೆ ವಕೀಲರನ್ನು ನೇಮಿಸುವುದು ಜಿಲ್ಲಾ ಪ್ರಾಧಿಕಾರ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಅರ್ಜಿ ಬರೆದು ಕೊಟ್ಟರೂ ನಡೆಯುತ್ತದೆ, ಬರೆಯಲು ಬಾರದಿದ್ದರೆ ಹೇಳಿದ್ದನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಜೊತೆಗೆ ಆಧಾರ್, ಮದುವೆಯ ಫೋಟೊ ಅಥವಾ ಲಗ್ನಪತ್ರಿಕೆ, ಮಕ್ಕಳ ಜನನ ಪ್ರಮಾಣಪತ್ರ, ಹಿಂದೆ ಎಲ್ಲಾದರೂ ದೂರು ಕೊಟ್ಟಿದ್ದರೆ ಅದರ ಸ್ವೀಕೃತಿ, ಇಷ್ಟನ್ನೂ ಎರಡೆರಡು ಜೆರಾಕ್ಸ್ ಮಾಡಿಸಿ ಒಯ್ಯಿರಿ. ಮದುವೆ ನೋಂದಣಿ ಆಗಿಲ್ಲ ಎಂದು ಹಿಂಜರಿಯಬೇಕಿಲ್ಲ. ಮದುವೆಯಂತೆಯೇ ಒಂದೇ ಮನೆಯಲ್ಲಿ ಬಾಳಿದ ಸಂಬಂಧಗಳೂ ಡಿವಿ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ತವರಿಗೆ ಬಂದಿದ್ದರೆ ತವರಿನ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಬಹುದು, ಸದ್ಯಕ್ಕೆ ಪಿಜಿಯಲ್ಲಿದ್ದರೆ ಅಲ್ಲಿಂದಲೂ ಆಗುತ್ತದೆ. ಆ ಕಾಯ್ದೆಯ 27ನೇ ಕಲಂ ತಾತ್ಕಾಲಿಕ ವಾಸವನ್ನೂ ಒಪ್ಪುತ್ತದೆ.

ಪ್ಯಾನಲ್ ವಕೀಲರಿಗೆ, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರಿಗೆ, ಗೌರವಧನ ಕೊಡುವುದು ಪ್ರಾಧಿಕಾರ. ಟೈಪಿಂಗಿಗೆ, ನೋಟಿಸಿಗೆ, "ಖರ್ಚಿಗೆ" ಎಂದು ಕೇಳಿದರೆ ಕೊಡಬೇಡಿ, ಲಿಖಿತ ದೂರು ಕೊಡಿ. ವಕೀಲರು ಸರಿಯಿಲ್ಲ ಎನಿಸಿದರೆ ಬದಲಿಸಿ ಎಂದು ಬರೆದು ಕೇಳುವ ಹಕ್ಕೂ ಇದೆ. ಆದರೆ ಎರಡನೇ ಡೇಟಿಗೇ ಬದಲಿಸಿದರೆ ಹೊಸಬರು ಫೈಲು ಓದಲು ಮತ್ತೊಂದು ಡೇಟ್ ಕೇಳುತ್ತಾರೆ, ಅದು ನಿಮಗೇ ನಷ್ಟ.

ಈಗ ಮುಖ್ಯ ವಿಷಯ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರಲ್ಲಿ (ಇದೇ ಡಿವಿ ಕಾಯ್ದೆ) ಮೂಲ ಅರ್ಜಿ ಹಾಕುವುದು 12ನೇ ಕಲಂ ಕೆಳಗೆ, ನಮೂನೆ 2ರಲ್ಲಿ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು, ಅರವತ್ತು ದಿನದಲ್ಲಿ ಇತ್ಯರ್ಥಕ್ಕೆ ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಅರವತ್ತು ದಿನದ ಮಾತು ಪುಸ್ತಕದಲ್ಲೇ ಉಳಿದಿದೆ ಎಂಬುದು ಕೋರ್ಟಿನ ಕಾರಿಡಾರಿನಲ್ಲಿ ನಿಂತವರಿಗೆಲ್ಲ ಗೊತ್ತು. ಹಾಗಾಗಿ ಕೈಗೆ ಏನಾದರೂ ಸಿಗುವುದು 23ನೇ ಕಲಮಿನ ಮಧ್ಯಂತರ ಆದೇಶದಿಂದ. ಎಷ್ಟೋ ಅರ್ಜಿಗಳು ಎಡವುವುದೂ ಇಲ್ಲಿಯೇ: ಮೂಲ ಅರ್ಜಿಯ ಕೊನೆಯಲ್ಲಿ "ಮಧ್ಯಂತರ ಪರಿಹಾರವನ್ನೂ ಕೊಡಿಸಬೇಕು" ಎಂದು ಒಂದು ಸಾಲು ಸೇರಿಸಿ ಬಿಟ್ಟಿರುತ್ತಾರೆ. ಎದುರು ಪಕ್ಷಕ್ಕೆ ನೋಟಿಸ್ ಹೋಗುವ ಮುಂಚೆಯೇ ಏಕಪಕ್ಷೀಯ ಆದೇಶ ಬೇಕಿದ್ದರೆ ನಮೂನೆ 3ರಲ್ಲಿ ಪ್ರತ್ಯೇಕ ಪ್ರಮಾಣಪತ್ರ (ಅಫಿಡವಿಟ್) ಇರಲೇಬೇಕು. ಅದಿಲ್ಲದ ಫೈಲು ಕಂಡ ಮ್ಯಾಜಿಸ್ಟ್ರೇಟರು "ನೋಟಿಸ್ ಕಳಿಸಿ" ಎಂದು ಬರೆದು ಮುಂದಿನ ಡೇಟ್ ಕೊಡುತ್ತಾರೆ, ಅಲ್ಲಿಗೆ ಎರಡು ಮೂರು ತಿಂಗಳು ಹೋಯಿತು. ಸಹಿ ಹಾಕುವ ಮುನ್ನ ವಕೀಲರನ್ನು "23ರ ಅರ್ಜಿ, ನಮೂನೆ 3 ಬೇರೆಯಾಗಿ ಇದೆಯಾ ಸಾರ್?" ಎಂದು ಕೇಳಿ. ಅರ್ಜಿ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಸಹಿ ಬೇಡ. ನಾಳೆ ಪಾಟೀ ಸವಾಲಿನಲ್ಲಿ ಉತ್ತರ ಕೊಡಬೇಕಾದವರು ನೀವು.

ಆ ಪ್ರಮಾಣಪತ್ರದಲ್ಲಿ "ಪ್ರತಿವಾದಿಯು ದಿನನಿತ್ಯ ಮಾನಸಿಕ ಹಾಗೂ ದೈಹಿಕ ಹಿಂಸೆ ನೀಡುತ್ತಿದ್ದರು" ಎಂಬ ಸಿದ್ಧ ವಾಕ್ಯದಿಂದ ಏನೂ ಆಗದು. ಮೂರು ಘಟನೆ ಸಾಕು, ಆದರೆ ಪ್ರತಿಯೊಂದಕ್ಕೂ ತಾರೀಖು, ಜಾಗ, ಏನಾಯಿತು, ಯಾರು ಕಂಡರು, ಆಮೇಲೆ ಎಲ್ಲಿಗೆ ಹೋದಿರಿ ಎಂಬುದು ಬೇಕು. ತಾರೀಖು ನೆನಪಿಲ್ಲದಿದ್ದರೆ "ಗೌರಿ ಹಬ್ಬದ ಮಾರನೇ ದಿನ" ಎಂದರೂ ಆದೀತು, ಊಹಿಸಿ ತಪ್ಪು ತಾರೀಖು ಹಾಕುವುದಕ್ಕಿಂತ ಅದು ಎಷ್ಟೋ ಮೇಲು. ಪೆಟ್ಟು ಬಿದ್ದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಗಾಯದ ವೈದ್ಯಕೀಯ-ಕಾನೂನು ದಾಖಲೆ) ಮಾಡಿಸಿ, ಅದರ ನಂಬರನ್ನು ಅರ್ಜಿಯಲ್ಲಿ ಬರೆಸಿ. "ಮೆಟ್ಟಿಲಿಂದ ಬಿದ್ದೆ" ಎಂದು ಡಾಕ್ಟರಿಗೆ ಹೇಳಿಬಿಟ್ಟರೆ ಅದೇ ದಾಖಲಾಗಿ ಎದುರು ವಕೀಲರಿಗೆ ಹಬ್ಬವಾಗುತ್ತದೆ. ವಾಟ್ಸಾಪ್ ಮೆಸೇಜುಗಳಿಗೆ ಸ್ಕ್ರೀನ್‌ಶಾಟ್ ಪ್ರಿಂಟ್ ಸಾಲದು, ಎಲೆಕ್ಟ್ರಾನಿಕ್ ದಾಖಲೆಗೆಂದೇ ಇರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಮೂಲ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ಕೊಳ್ಳಬೇಡಿ.

ಡಿವಿ ಕಾಯ್ದೆಯಡಿ ನೊಂದ ಮಹಿಳೆಗೆ ನೆರವಾಗಬೇಕಾದ ಸಂರಕ್ಷಣಾಧಿಕಾರಿಗಳ ವಿಷಯದಲ್ಲಿ ನಮ್ಮದು ಅರೆಮನಸ್ಸು. ಕರ್ನಾಟಕದಲ್ಲಿ ಈ ಹೊಣೆ ಸಿಡಿಪಿಒಗಳ (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ) ಹೆಗಲಿಗಿದೆ, ಅವರ ತಲೆ ಮೇಲೆ ಅಂಗನವಾಡಿಗಳ ಭಾರವೂ ಇದೆ. ನಮೂನೆ 1ರ ಕೌಟುಂಬಿಕ ಘಟನಾ ವರದಿಯನ್ನು ಅವರು ತಯಾರಿಸಿ ಕೋರ್ಟಿಗೆ ಕಳಿಸುತ್ತಾರೆ. ಚೆನ್ನಾಗಿ ತುಂಬಿದ ವರದಿ ದೊಡ್ಡ ಆಸರೆ. ಆದರೆ ಅದಕ್ಕಾಗಿ ಕಾದು ಕೂರಬೇಡಿ. ಆ ವರದಿ ಇಲ್ಲದೆಯೂ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನೇರವಾಗಿ ವಕೀಲರ ಮೂಲಕ ಅರ್ಜಿ ಹಾಕಿ, ವರದಿ ಹಿಂದಿನಿಂದ ಬರಲಿ.

ನೋಟಿಸ್ ಜಾರಿ ಇನ್ನೊಂದು ಗೋಳು. "ಮನೆಗೆ ಬೀಗ" ಎಂದು ಷರಾ ಬರೆದು ವಾಪಸು ಬಂದರೆ ಮತ್ತೆ ಮೊದಲಿನಿಂದ ಶುರು. ಅರ್ಜಿಯಲ್ಲಿ ಗಂಡನ ಮನೆ ವಿಳಾಸದ ಜೊತೆ ಆಫೀಸಿನ ವಿಳಾಸ, ಮೊಬೈಲ್ ನಂಬರ್, ಇಮೇಲ್ ಕೂಡ ಮೊದಲೇ ಹಾಕಿಸಿ. ಬಾಡಿಗೆ ಮನೆಯಾದರೆ ಮನೆ ನಂಬರಿನ ಜೊತೆ ಅಡ್ಡರಸ್ತೆ, ಮಹಡಿ, ಗುರುತಿಗೊಂದು ಅಂಗಡಿ ಬರೆಸಿ. ಈ ಊರಿನಲ್ಲಿ ಒಂದೇ ಬಡಾವಣೆಯಲ್ಲಿ "ಮೂರನೇ ಅಡ್ಡರಸ್ತೆ" ಎಂಬುದು ಎರಡೆರಡು ಕಡೆ ಇರುವುದು ಹೊಸತೇನಲ್ಲ.

ಪೊಲೀಸ್ ಠಾಣೆಯನ್ನು ಈ ಸೇವೆಯ ಭಾಗ ಎಂದು ಎಣಿಸುವುದು ಕಷ್ಟ. ಜೀವಕ್ಕೆ ಅಪಾಯವಿದ್ದಾಗ 112 ಬೇಕೇ ಬೇಕು. ಉಳಿದಂತೆ ಇಬ್ಬರನ್ನೂ ಕರೆಸಿ, ಬುದ್ಧಿ ಹೇಳಿ, ಮುಚ್ಚಳಿಕೆ ಬರೆಸಿಕೊಂಡು ಕಳಿಸುವುದು ಹಳೆಯ ರೂಢಿ. ಹಾಗಾದರೂ ಬರಿಗೈಲಿ ಬರಬೇಡಿ: ದೂರಿನ ಸ್ವೀಕೃತಿ, ಮುಚ್ಚಳಿಕೆಯ ನಕಲು, ಅರ್ಜಿ ಮುಕ್ತಾಯ ಮಾಡಿದ ಹಿಂಬರಹ ಮೂರನ್ನೂ ಕೇಳಿ ಪಡೆಯಿರಿ. "ಇನ್ನು ಮುಂದೆ ಹೊಡೆಯುವುದಿಲ್ಲ" ಎಂದು ಎದುರು ಪಕ್ಷದವರೇ ಸಹಿ ಹಾಕಿದ ಮುಚ್ಚಳಿಕೆಗಿಂತ ಒಳ್ಳೆಯ ದಾಖಲೆ ಡಿವಿ ಅರ್ಜಿಗೆ ಬೇರೊಂದಿಲ್ಲ. ಮಾತಿನ ಸಾಂತ್ವನ, ಆಪ್ತ ಸಮಾಲೋಚನೆ, ತಂಗಲು ತಾತ್ಕಾಲಿಕ ಆಸರೆ ಬೇಕಾದವರಿಗೆ 181 ಮಹಿಳಾ ಸಹಾಯವಾಣಿ ಇದೆ, ಸರ್ಕಾರದ ಸಖಿ ಕೇಂದ್ರಗಳಿವೆ. ನಗರದಲ್ಲಿ ದಶಕಗಳಿಂದ ಕೆಲಸ ಮಾಡಿರುವ ವಿಮೋಚನಾದಂಥ ಮಹಿಳಾ ಸಂಘಟನೆಯೂ ಇದೆ.

ಜೀವನಾಂಶ ಕೇಳುವವರು ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರವನ್ನು (ಇದೂ ಅಫಿಡವಿಟ್ಟೇ) ಮರೆಯಬಾರದು. ಸುಪ್ರೀಂ ಕೋರ್ಟಿನ 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಎರಡೂ ಕಡೆಯವರು ಇದನ್ನು ಸಲ್ಲಿಸಬೇಕು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು. ಕೆಲವರು ತಮ್ಮ ಚಿಕ್ಕ ಸಂಬಳವನ್ನು ಮುಚ್ಚಿಟ್ಟು "ಆದಾಯ ಇಲ್ಲ" ಎಂದು ಬರೆಯುತ್ತಾರೆ. ಬ್ಯಾಂಕ್ ಸ್ಟೇಟ್‌ಮೆಂಟ್ ಬಂದ ದಿನ ಇಡೀ ಕೇಸಿನ ನಂಬಿಕೆ ಹೋಗುತ್ತದೆ. ಸಂಬಳ ಇದ್ದರೂ ಜೀವನಾಂಶ ಕೇಳಬಹುದು, ಇದ್ದದ್ದನ್ನು ಇದ್ದಂತೆ ಬರೆಯಿರಿ. ಬಾಡಿಗೆ, ಸ್ಕೂಲ್ ಫೀಸು, ಔಷಧಿ ಇವಕ್ಕೆ ರಸೀದಿ ಜೋಡಿಸಿ. ಒಡವೆಯ ಪಟ್ಟಿಗೆ "ಸುಮಾರು 200 ಗ್ರಾಂ ಚಿನ್ನ" ಎಂದರೆ ಹಿಡಿತ ಸಿಗದು; ಸರ, ಬಳೆ, ಜುಮುಕಿ ಎಂದು ಒಂದೊಂದಾಗಿ ಬರೆದು ಬಿಲ್ಲು ಅಥವಾ ಅದನ್ನು ತೊಟ್ಟ ಮದುವೆ ಫೋಟೊ ಹಚ್ಚಿ.

ಮನೆ ಅತ್ತೆಯ ಹೆಸರಿನಲ್ಲಿದೆ, ಹಾಗಾಗಿ ವಾಸದ ಹಕ್ಕಿಲ್ಲ ಎಂಬ ಮಾತು ಹಳೆಯದಾಯಿತು. 2020ರ ಸತೀಶ್ ಚಂದರ್ ಅಹುಜಾ ತೀರ್ಪಿನಂತೆ ಅತ್ತೆ ಮಾವನ ಸ್ವಂತ ಮನೆಯೂ "ಹಂಚಿಕೊಂಡ ಮನೆ", ಅಂದರೆ ಸೊಸೆಗೆ ವಾಸದ ಹಕ್ಕಿರುವ ಮನೆ, ಆಗಬಹುದು. ಆದರೆ 19ನೇ ಕಲಮಿನಲ್ಲಿ ಮನೆ ಬಿಡಿಸುವ ಆದೇಶವನ್ನು ಹೆಂಗಸಿನ ವಿರುದ್ಧ ಮಾಡುವಂತಿಲ್ಲ. ಅತ್ತೆಯನ್ನು ಹೊರಗೆ ಹಾಕಿಸಿ ಎಂಬ ಬೇಡಿಕೆ ಬರೆಸಿದರೆ ಹಾಳೆ ದಂಡ. ಅದರ ಬದಲು ಅದೇ ಮಟ್ಟದ ಬೇರೆ ಮನೆ, ಅಥವಾ ಅದರ ಬಾಡಿಗೆ ಕೇಳುವುದು ಜಾಣತನ.

ನೋಟಿಸ್ ಬಂದ ಕಡೆಯವರಿಗೂ ಒಂದು ಮಾತು. ಡಿವಿ ಅರ್ಜಿ ಬಂತೆಂದರೆ ಬಂಧನ ಎಂದಲ್ಲ, ಅದಕ್ಕೂ ಕ್ರೌರ್ಯದ ಕ್ರಿಮಿನಲ್ ಕೇಸಿಗೂ ವ್ಯತ್ಯಾಸವಿದೆ. ನೋಟಿಸ್ ತಪ್ಪಿಸಿಕೊಂಡು ಓಡಾಡಿದರೆ ಏಕಪಕ್ಷೀಯ ಆದೇಶ ಗಟ್ಟಿ. ಗಂಡಸರಿಗೆ ಉಚಿತ ವಕೀಲರು ಬೇಕಾದರೆ ಆದಾಯದ ಮಿತಿ ಅಥವಾ ಪರಿಶಿಷ್ಟ ಜಾತಿ, ಪಂಗಡದಂಥ ಬೇರೆ ಅರ್ಹತೆ ನೋಡುತ್ತಾರೆ. ಪ್ರತಿವಾದಿಯಾದ ಅತ್ತೆ, ನಾದಿನಿಯರು ಹೆಣ್ಣುಮಕ್ಕಳೆಂಬ ಕಾರಣಕ್ಕೇ ಅರ್ಹರು. ಒಂದೇ ಪ್ರಾಧಿಕಾರ ಅತ್ತೆಗೊಬ್ಬರು, ಸೊಸೆಗೊಬ್ಬರು ವಕೀಲರನ್ನು ಕೊಡಬೇಕಾಗಿ ಬರುವುದೂ ಉಂಟು.

ಆದೇಶ ಬಂದ ದಿನವೇ 24ನೇ ಕಲಂ ಹೇಳಿ ಉಚಿತ ಪ್ರತಿ ಪಡೆಯಿರಿ, ಒಂದನ್ನು ಠಾಣೆಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಸಂರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದುಡ್ಡು ಬಾರದಿದ್ದರೆ ದಾರಿ ಬೇರೆ: ಎದುರು ಪಕ್ಷದವರು ಸಂಬಳದಾರರಾದರೆ 20ನೇ ಕಲಮಿನ ಆರನೇ ಉಪಕಲಂ ಪ್ರಕಾರ ಸಂಬಳದಿಂದ ನೇರವಾಗಿ ಕಟ್ಟುವಂತೆ ಕಂಪನಿಗೇ ನಿರ್ದೇಶಿಸಿ ಎಂದು ಅರ್ಜಿ ಹಾಕಿಸಿ. ಮೇಲ್ಮನವಿಗೆ 30 ದಿನ, ಸೆಷನ್ಸ್ ಕೋರ್ಟಿಗೆ. ಡೇಟ್ ಯಾವಾಗ ಎಂದು ವಕೀಲರಿಗೆ ದಿನಾ ಫೋನ್ ಮಾಡುವುದರ ಬದಲು ಕೇಸಿನ 16 ಅಂಕಿ-ಅಕ್ಷರಗಳ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಕೋರ್ಟ್ ಕೊಡುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಂಡು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿ ನೋಡಿ.