ಆಟೋ ಕಾಂಪ್ಲೆಕ್ಸಿನ ಒಂದು ಗ್ಯಾರೇಜ್ ರಿವ್ಯೂ: ಲೇಬರ್ ಎಷ್ಟು ತಗೊಂಡ್ರು, ಅದ್ರಲ್ಲಿ ಮೆಕ್ಯಾನಿಕ್ ಕೈಗೆ ಎಷ್ಟು ಹೋಯ್ತು

ಶಿವಮೊಗ್ಗದವ್ರಿಗೆ ಸಾಗರ ರೋಡಿನ ಆಟೋ ಕಾಂಪ್ಲೆಕ್ಸ್ ಬಗ್ಗೆ ಹೇಳೋದೇನಿಲ್ಲ, ಹೊರಗಿನವ್ರಿಗೆ ಹೇಳ್ತೀನಿ, ಟಿಂಕರಿಂಗು ಪೇಂಟಿಂಗು ಲೇತು ಎಲೆಕ್ಟ್ರಿಕಲ್ಲು ಎಲ್ಲಾ ಒಂದೇ ಕಡೆ ಸಿಗೋ ಜಾಗ ಅದು. ಅಲ್ಲಿನ ಒಂದು ಚಿಕ್ಕ ಗ್ಯಾರೇಜಲ್ಲಿ ನನ್ನ ಹಳೇ ಸ್ವಿಫ್ಟ್ ಕ್ಲಚ್ ಕೆಲಸ ಮಾಡಿಸ್ದೆ, ಅದ್ರ ರಿವ್ಯೂ ಇದು. ಹೆಸರು ಹಾಕ್ತಿಲ್ಲ, ಯಾಕಂದ್ರೆ ಹುಡುಗರ ಸಂಬಳದ ಲೆಕ್ಕ ಎಲ್ಲ ಬರೀತೀನಿ ಅಂದಾಗ ಓನರ್ರು ಬರೀರಿ ಸಾರ್ ಪರ್ವಾಗಿಲ್ಲ ಆದ್ರೆ ಹೆಸರು ಬೇಡ ಅಂದ್ರು, ಅವ್ರು ಹೇಳಿದ್ದು ನ್ಯಾಯ ಅನ್ನಿಸ್ತು.

ನಮ್ಮ ಕಡೆ ಕ್ಲಚ್ ಬೇಗ ಹೋಗುತ್ತೆ. ಆಗುಂಬೆ ಘಾಟಿಯ 14 ತಿರುವು, ಈ ಕಡೆ ಹುಲಿಕಲ್ ಘಾಟಿ, ಮಳೆಗಾಲದಲ್ಲಿ ಮುಂದೆ ಬಸ್ಸು ಸಿಕ್ಕಿಬಿಟ್ರೆ ಹಾಫ್ ಕ್ಲಚ್ಚಲ್ಲೇ ಹತ್ತಬೇಕು. ಗಾಡಿ ಎಳೀತಿರ್ಲಿಲ್ಲ, ಆಕ್ಸಿಲರೇಟರ್ ಕೊಟ್ರೆ ಇಂಜಿನ್ ಕೂಗ್ತಿತ್ತು ಸ್ಪೀಡ್ ಏರ್ತಿರ್ಲಿಲ್ಲ, ಸುಟ್ಟ ವಾಸನೆ ಬೇರೆ. ಮೊದಲು ಕಂಪನಿ ಸರ್ವಿಸ್ ಸೆಂಟರಿಗೆ ತೋರಿಸ್ದೆ, ಯಾವ್ದು ಅಂತ ಹೇಳಲ್ಲ. ಎಸ್ಟಿಮೇಟ್ ಹತ್ತಿರ ಹತ್ತಿರ 16,000 ಬಂತು, ಅದ್ರಲ್ಲಿ ಲೇಬರ್ 4,300, ಅದ್ರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಜೊತೆಗೆ ನಾನು ಕೇಳದೇ ಇದ್ದ ಇಂಜಿನ್ ಡೀಕಾರ್ಬ್ (ಒಳಗಿನ ಮಸಿ ತೆಗೆಯೋದು), ಎಸಿ ಕ್ಲೀನಿಂಗು ಎಲ್ಲ ಸೇರಿತ್ತು. ಮೆಕ್ಯಾನಿಕ್ ಹತ್ರ ಮಾತಾಡ್ಬೇಕು ಅಂದ್ರೆ ಬಿಡಲ್ಲ, ಗ್ಲಾಸಿನ ಆಕಡೆ ಅವ್ರು ಈಕಡೆ ನಾವು, ಮಧ್ಯದಲ್ಲಿ ಅಡ್ವೈಸರ್. ಕೆಲಸ ಮಾಡೋನ ಮುಖಾನೇ ನೋಡದೇ ಅವನ ಕೆಲಸಕ್ಕೆ ದುಡ್ಡು ಕೊಡೋದು ನನಗೆ ಸರಿ ಬರ್ಲಿಲ್ಲ, ಗಾಡಿ ವಾಪಸ್ ತಗೊಂಡು ಬಂದೆ.

ಈ ಗ್ಯಾರೇಜಲ್ಲಿ ಓನರ್ರು ತಾವೇ ಒಂದು ರೌಂಡ್ ಓಡ್ಸಿ ನೋಡಿದ್ರು. ಬಂದು ಕೂತು ಒಂದು ಪುಸ್ತಕದಲ್ಲಿ ಬರ್ದು ತೋರಿಸಿದ್ರು, ಕ್ಲಚ್ ಪ್ಲೇಟು ಪ್ರೆಶರ್ ಪ್ಲೇಟು ರಿಲೀಸ್ ಬೇರಿಂಗು ನೀವೇ ಅಂಗಡಿಯಿಂದ ಬಿಲ್ ಸಮೇತ ತನ್ನಿ, ಯಾವ ಕಂಪನಿದು ತರ್ಬೇಕು ಅಂತ ಪಾರ್ಟ್ ನಂಬರ್ ಬರ್ಕೊಡ್ತೀನಿ, ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿ ಕೂರೋ ಇಂಜಿನ್ನಿನ ಚಕ್ರ) ಬಿಚ್ಚಿದ್ಮೇಲೆ ನೋಡೋಣ ಲೇತಿಗೆ ಕಳಿಸ್ಬೇಕಾಗ್ಬೋದು, ಗೇರ್ ಆಯಿಲ್ ಬದಲಾಯಿಸ್ಬೇಕು, ನನ್ನ ಲೇಬರ್ 2,400. ನಾನು ಎಲ್ಲರ ಥರ 2,000ಕ್ಕೆ ಮಾಡಿ ಅಂದೆ. ಅದಕ್ಕೆ ಅವ್ರು ಹೇಳಿದ ಮಾತು ಇವತ್ತಿಗೂ ತಲೇಲಿದೆ. ಸಾರ್, ಲೇಬರ್ ಇಳಿಸು ಅಂದ್ರೆ ಇಳಿಸ್ತೀನಿ, ಆದ್ರೆ ಆಗ ಪಾರ್ಟ್ಸ್ ನಾನೇ ತರ್ತೀನಿ, ಅದ್ರಲ್ಲಿ ಏರಿಸ್ಕೋತೀನಿ, ನಿಮಗೆ ಯಾವ್ದು ಬೇಕು ನೋಡಿ ಅಂದ್ರು. ಇಷ್ಟು ನೇರವಾಗಿ ಯಾರೂ ಹೇಳಿರ್ಲಿಲ್ಲ. ಗ್ಯಾರೇಜವ್ರು ಪಾರ್ಟ್ಸಲ್ಲಿ ಕಮಿಷನ್ ಹೊಡೀತಾರೆ ಅಂತ ಊರೆಲ್ಲ ಬೈತೀವಿ, ಆದ್ರೆ ಆ ಕಮಿಷನ್ ಹುಟ್ಟೋದು ನಾವು ಲೇಬರಲ್ಲಿ ಚೌಕಾಸಿ ಮಾಡೋ ಕ್ಷಣದಲ್ಲೇ. ಬೇಡ, 2,400ಕ್ಕೇ ಮಾಡಿ ಅಂದೆ.

ಕೆಲಸ ನಿಂತು ನೋಡ್ದೆ, ಅಲ್ಲಿ ಅದಕ್ಕೆ ಬೇಡ ಅನ್ನಲ್ಲ. ಕ್ಲಚ್ ಅಂದ್ರೆ ಬರೀ ಒಂದು ಪ್ಲೇಟ್ ಬದಲಾಯಿಸೋದು ಅಂತ ತುಂಬ ಜನ ಅನ್ಕೊಂಡಿದಾರೆ. ಬ್ಯಾಟರಿ ತೆಗೀಬೇಕು, ಎರಡೂ ಡ್ರೈವ್ ಶಾಫ್ಟ್ ಎಳೀಬೇಕು, ಇಂಜಿನ್ನಿಗೆ ಕೆಳಗಿಂದ ಸಪೋರ್ಟ್ ಕೊಟ್ಟು ಮೌಂಟಿಂಗ್ ಬಿಚ್ಚಿ ಗೇರ್‌ಬಾಕ್ಸ್ ಇಳಿಸ್ಬೇಕು, ಹಾಕುವಾಗ ಪ್ಲೇಟ್ ಸರಿಯಾಗಿ ಸೆಂಟರಿಗೆ ಕೂರಿಸಿಲ್ಲ ಅಂದ್ರೆ ಗೇರ್‌ಬಾಕ್ಸ್ ವಾಪಸ್ ಕೂರೋದೇ ಇಲ್ಲ. ಹೆಡ್ ಮೆಕ್ಯಾನಿಕ್ಕು ಒಬ್ಬ ಹೆಲ್ಪರ್ ಹುಡುಗ ಇಬ್ರೂ ಸೇರಿ ಸುಮಾರು ಐದು ಗಂಟೆ ಕೆಲಸ. ಫ್ಲೈವೀಲ್ ಮೇಲೆ ಗೆರೆ ಬಿದ್ದಿತ್ತು, ಅದೇ ಕಾಂಪ್ಲೆಕ್ಸಲ್ಲಿ ಲೇತಿನವ್ರ ಹತ್ರ ಫೇಸಿಂಗ್ ಮಾಡಿಸಿದ್ರು, ಅಂದ್ರೆ ಮೇಲ್ಮೈ ಸಮ ಮಾಡಿಸೋದು, ಅದಕ್ಕೆ 500. ಪಾರ್ಟ್ಸು 5,600, ಗೇರ್ ಆಯಿಲ್ 900, ಎಲ್ಲ ಸೇರಿ 9,400. ಹಳೇ ಪ್ಲೇಟು ಬೇರಿಂಗು ನನ್ನ ಡಿಕ್ಕೀಲೇ ಹಾಕಿ ಕೊಟ್ರು.

ಈಗ ಆ 2,400ರ ಲೆಕ್ಕ. ಟೀ ಕುಡೀತಾ ಓನರ್ರೇ ಬಿಡಿಸಿ ಹೇಳಿದ್ದು. ಹೆಡ್ ಮೆಕ್ಯಾನಿಕ್‌ಗೆ ತಿಂಗಳಿಗೆ 24,000, ಭಾನುವಾರ ರಜ, 26 ದಿನ ಅಂತ ಹಿಡಿದ್ರೆ ದಿನಕ್ಕೆ 920 ಚಿಲ್ಲರೆ, 9 ಗಂಟೆ ಕೆಲಸ ಅಂದ್ರೆ ಗಂಟೆಗೆ ನೂರು ರೂಪಾಯಿ ಮೇಲೆ ಸ್ವಲ್ಪ. ಹೆಲ್ಪರ್‌ಗೆ ದಿನಕ್ಕೆ 450, ಗಂಟೆಗೆ 50. ನನ್ನ ಗಾಡೀಗೆ ಇಬ್ರದ್ದೂ ಐದು ಗಂಟೆ ಹೋಯ್ತು ಅಂದ್ರೆ ಅವ್ರಿಬ್ರ ಕೂಲಿ 760ರ ಆಸುಪಾಸು. ಅಂದ್ರೆ ನಾನು ಕೊಟ್ಟ ಲೇಬರಲ್ಲಿ ಮೂರರಲ್ಲಿ ಒಂದು ಪಾಲು ಕೈಗೆ ಗ್ರೀಸ್ ಹತ್ತಿಸ್ಕೊಂಡವ್ರಿಗೆ ಹೋಯ್ತು. ಉಳಿದ್ದು ಓನರ್ ಜೇಬಿಗೆ ಅನ್ಕೋಬೇಡಿ, ಬಾಡಿಗೆ, ಕರೆಂಟು, ಲಿಫ್ಟು ಕಂಪ್ರೆಸರ್ ಸಾಲದ ಕಂತು, ಗಾಡಿ ಕಂಪ್ಯೂಟರಿನ ದೋಷ ಓದೋ ಸ್ಕ್ಯಾನರ್ ಅಪ್‌ಡೇಟು, ಗಾಡಿ ಬರದೇ ಇರೋ ದಿನ ಕೂಡ ಕೊಡೋ ಸಂಬಳ. 2020ರ ಏಪ್ರಿಲ್‌ನಿಂದ ಬಿಎಸ್6 (ಹೊಗೆ ಮಾಲಿನ್ಯದ ಹೊಸ ನಿಯಮ) ಬಂದ್ಮೇಲೆ ಸೆನ್ಸಾರ್ ಕೆಲಸ ಜಾಸ್ತಿ, ಸ್ಕ್ಯಾನರ್ ಇಲ್ದೆ ಗ್ಯಾರೇಜ್ ನಡ್ಸಕ್ಕೇ ಆಗಲ್ಲ.

ಆ ಹೆಡ್ ಮೆಕ್ಯಾನಿಕ್ ಅಣ್ಣ ಐಟಿಐ ಓದಿದವ್ರು, ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡು, ಎರಡು ವರ್ಷದ ಕೋರ್ಸು. ಮೊದಲು ಒಂದು ದೊಡ್ಡ ಸರ್ವಿಸ್ ಸೆಂಟರಲ್ಲಿ ಇದ್ರಂತೆ, ಕೈಗೆ 16,000, ದಿನಕ್ಕೆ ಇಷ್ಟು ಗಾಡಿ ಮುಗಿಸಿದ್ರೆ ಇನ್ಸೆಂಟಿವ್. ಅಲ್ಲಿ ಪ್ರತಿ ಕೆಲಸಕ್ಕೂ ಕಂಪನಿ ಇಷ್ಟು ಹೊತ್ತು ಅಂತ ಮೊದಲೇ ಬರ್ದಿಟ್ಟಿರುತ್ತೆ, ಗಿರಾಕಿ ಲೇಬರ್ ಕಟ್ಟೋದೂ ಅದೇ ಲೆಕ್ಕದಲ್ಲಿ. ತುಕ್ಕು ಹಿಡ್ದ ಬೋಲ್ಟ್ ಬಂದು ಒಂದು ಗಂಟೆ ಜಾಸ್ತಿ ಆದ್ರೆ ಅದು ಇವ್ರ ತಲೆ ಮೇಲೆ. ನಮ್ಮ ಮಲೆನಾಡಿನ ಮಳೇಲಿ ತುಕ್ಕು ಹಿಡೀದ ಬೋಲ್ಟ್ ಇರೋ ಗಾಡಿ ಎಲ್ಲಿದೆ ಹೇಳಿ? ಹೊತ್ತು ಉಳಿಸೋಕೆ ಹೋಗಿ ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆಯೋ ಸ್ಪ್ಯಾನರ್) ಹಿಡೀದೇ ಬೋಲ್ಟ್ ಬಿಗಿ ಮಾಡೋ ಹುಡುಗರು ಅಲ್ಲಿದ್ರು ಅಂತ ಅವ್ರೇ ಬೇಜಾರಲ್ಲಿ ಹೇಳಿದ್ರು. 4,300 ಲೇಬರ್ ತಗೊಳ್ಳೋ ಜಾಗದಲ್ಲಿ 16,000 ಸಂಬಳ, 2,400 ತಗೊಳ್ಳೋ ಜಾಗದಲ್ಲಿ 24,000, ಇದನ್ನ ಕೇಳಿ ನನಗೆ ನಿಜವಾಗ್ಲೂ ಸಿಟ್ಟು ಬಂತು. ಲೇಬರ್ ರೇಟ್ ಜಾಸ್ತಿ ಇದ್ದ ಮಾತ್ರಕ್ಕೆ ಕೆಲಸಗಾರನಿಗೆ ಜಾಸ್ತಿ ಹೋಗ್ತಿದೆ ಅಂತೇನಿಲ್ಲ, ಕೇಳ್ಬೇಕು. ಎಲ್ಲ ಸೆಂಟರೂ ಹಿಂಗೇ ಅಂತ ಹೇಳಲ್ಲ, ನಾನು ಕೇಳಿದ್ದು ಇದೊಂದು.

ಸರ್ವಿಸ್ ಸೆಂಟರ್ ಬಿಟ್ರೆ ಪಾರ್ಟ್ಸ್ ಸಿಗಲ್ಲ ಅನ್ನೋ ಹೆದ್ರಿಕೆ ಇನ್ನೂ ಕೆಲವ್ರಿಗಿದೆ. 2014ರಲ್ಲಿ ಕಾಂಪಿಟಿಷನ್ ಕಮಿಷನ್ (ಕಂಪನಿಗಳ ಪೈಪೋಟಿ ನ್ಯಾಯವಾಗಿದ್ಯಾ ಅಂತ ನೋಡೋ ಕೇಂದ್ರದ ಆಯೋಗ) ಇದೇ ವಿಷಯಕ್ಕೆ, ಹೊರಗಿನ ಗ್ಯಾರೇಜಿಗೆ ಪಾರ್ಟ್ಸು ಮಾಹಿತಿ ಎರಡೂ ಸಿಗದ ಹಾಗೆ ಮಾಡ್ತಿದಾರೆ ಅಂತ 14 ಕಾರ್ ಕಂಪನಿಗಳ ಮೇಲೆ ಒಟ್ಟು 2,544 ಕೋಟಿ ದಂಡ ಹಾಕಿತ್ತು. ನನಗಂತೂ ಪಾರ್ಟ್ ನಂಬರ್ ಹೇಳಿದ್ ಕೂಡ್ಲೆ ಸಿಕ್ತು. ಟ್ಯಾಕ್ಸ್ ವಿಷಯಾನೂ ಹೇಳ್ಬಿಡ್ತೀನಿ, ಕಾರ್ ಪಾರ್ಟ್ಸ್ ಮೇಲೆ 28 ಪರ್ಸೆಂಟ್ ಇದ್ದಿದ್ದು 2025ರ ಸೆಪ್ಟೆಂಬರ್ 22ರಿಂದ 18 ಆಗಿದೆ, ಹಳೇ ರೇಟಲ್ಲಿ ಬಿಲ್ ಕೊಟ್ರೆ ಕೇಳಿ.

ಕೊರತೆಗಳು ಇವೆ. ಕೂರಕ್ಕೆ ಒಂದು ಬೆಂಚು ಅಷ್ಟೇ, ಹೆಂಗಸರು ಬಂದ್ರೆ ಟಾಯ್ಲೆಟ್ ಇಲ್ಲ. ಸಂಜೆ ಕೊಡ್ತೀನಿ ಅಂದ ಗಾಡಿ ಮಾರನೇ ದಿನ ಮಧ್ಯಾಹ್ನ ಸಿಕ್ತು, ಲೇತ್ ಹತ್ರ ಕ್ಯೂ ಇತ್ತು ಅಂದ್ರು, ಫೋನ್ ಮಾಡಿ ಹೇಳ್ಬೋದಿತ್ತು. ಕ್ಲಚ್ಚಿಗೆ ಆರು ತಿಂಗಳು ಗ್ಯಾರಂಟಿ ಬಾಯಲ್ಲಿ ಮಾತ್ರ, ನಾನೇ ಬಿಲ್ ಮೇಲೆ ಬರೆಸ್ಕೊಂಡೆ. ಏರ್‌ಬ್ಯಾಗ್ ಲೈಟ್ ಥರದ ಕೆಲಸಕ್ಕೆ ಅವ್ರ ಸ್ಕ್ಯಾನರ್ ಸಾಲಲ್ಲ, ಅದನ್ನ ಅವ್ರೇ ಒಪ್ಕೋತಾರೆ, ಸರ್ವಿಸ್ ಸೆಂಟರಿಗೇ ಹೋಗಿ ಅಂತಾರೆ.

ನನಗೆ ಜಾಸ್ತಿ ಬೇಜಾರಾಗಿದ್ದು ಹೆಲ್ಪರ್ ಹುಡುಗನ್ನ ನೋಡಿ. ಹತ್ತೊಂಬತ್ತು ವರ್ಷ, ಬರಿಗೈಲಿ ಬ್ರೇಕ್ ಕ್ಲೀನರ್ ಹಾಕಿ ತೊಳೀತಿದ್ದ, ಕೈಯೆಲ್ಲ ಬಿರುಕು, ಕಾಲಿಗೆ ಹವಾಯಿ ಚಪ್ಪಲಿ, ಮೇಲಿಂದ ಗೇರ್‌ಬಾಕ್ಸ್ ಇಳಿಸ್ತಿದಾರೆ. ಗ್ಲೌಸ್ ಹಾಕ್ಕೊಳ್ಳೋ ತಮ್ಮಾ ಅಂದ್ರೆ ಗ್ರಿಪ್ ಸಿಗಲ್ಲ ಅಂದ. ಹತ್ತು ಜನಕ್ಕಿಂತ ಕಮ್ಮಿ ಇರೋ ಇಂಥ ಜಾಗಕ್ಕೆ ಸಾಮಾನ್ಯವಾಗಿ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಡ್ಡಾಯ ಇಲ್ಲ, ಕಾಲ ಮೇಲೆ ಏನಾದ್ರೂ ಬಿದ್ರೆ ಆ ಆಸರೆ ಇಲ್ಲ. ಬ್ಯಾಂಕಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದ್ರೆ 2 ಲಕ್ಷದ ಅಪಘಾತ ವಿಮೆ ಸಿಗುತ್ತೆ, ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅದೂ ಮಾಡಿಸಿರ್ಲಿಲ್ಲ. ಅಸಂಘಟಿತ ಕಾರ್ಮಿಕರಿಗಾಗಿ ಇರೋ ನಮ್ಮ ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆ ಪಟ್ಟೀಲಿ ಮೆಕ್ಯಾನಿಕ್‌ಗಳೂ ಇದಾರೆ, ಅದೂ ಅಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ಎರಡರದ್ದೂ ವಿವರ ಒಂದು ಚೀಟೀಲಿ ಬರ್ದು ಓನರ್ ಕೈಗೆ ಕೊಟ್ಟು ಬಂದಿದೀನಿ, ಮಾಡಿಸ್ತೀನಿ ಸಾರ್ ಅಂದಿದಾರೆ.

ಹೋಗೋರಿಗೆ ಎರಡು ಮಾತು. ಆಯುಧ ಪೂಜೆ ಹಿಂದಿನ ವಾರ ಹೋಗ್ಬೇಡಿ, ಇಡೀ ಕಾಂಪ್ಲೆಕ್ಸ್ ತುಂಬಿರುತ್ತೆ. ಪಾರ್ಟ್ಸ್ ಬಿಲ್ಲು ಲೇಬರ್ರು ಬೇರೆ ಬೇರೆ ಬರೆಸ್ಕೊಳ್ಳಿ, ಪಾರ್ಟ್ಸ್ ರೇಟಲ್ಲಿ ಬೇಕಾದಷ್ಟು ಪ್ರಶ್ನೆ ಕೇಳಿ, ಲೇಬರ್ ಮಾತ್ರ ನ್ಯಾಯವಾಗಿದ್ರೆ ಇಳಿಸಕ್ಕೆ ಹೋಗ್ಬೇಡಿ. ಕೆಲಸಕ್ಕೆ ಐದಕ್ಕೆ ಐದು ಕೊಡ್ತಿದ್ದೆ, ನಾಲ್ಕು ಕೊಡ್ತಿದೀನಿ. ಆ ಹುಡುಗನ ಕಾಲಿಗೆ ಸೇಫ್ಟಿ ಶೂ ಬಂದ ದಿನ ಇನ್ನೊಂದು ಸ್ಟಾರ್ ಸೇರಿಸ್ತೀನಿ, ಓನರ್ರಿಗೂ ಇದನ್ನೇ ಹೇಳಿದೀನಿ.