11 ವರ್ಷ ಪ್ಲೇನ್ ಟೇಬಲ್ ಹೊತ್ತು ತಿರುಗಿದ ಮೇಲೆ

ಪ್ಲೇನ್ ಟೇಬಲ್ ಅಂದರೆ ಟ್ರೈಪಾಡ್ ಮೇಲಿನ ಬೋರ್ಡಿಗೆ ಕಾಗದ ಹಾಕಿ, ಬಯಲಲ್ಲೇ ನಕ್ಷೆ ಬರೆಯುವ ಸರ್ವೆ ಸಾಧನ. ನನ್ನ ಈ ಸೆಟ್ ಕೊಂಡು 11 ವರ್ಷ ಆಯ್ತು. ಬೋರ್ಡು, ಟ್ರೈಪಾಡ್, ಸಾದಾ ಅಲಿಡೇಡ್ (ಗುರುತಿನ ಕಡೆ ನೋಡಿ ಗೆರೆ ಎಳೆಯುವ ಪಟ್ಟಿ), ಸ್ಪಿರಿಟ್ ಲೆವೆಲ್, ಟ್ರಫ್ ಕಂಪಾಸ್ (ಬೋರ್ಡನ್ನು ಉತ್ತರಕ್ಕೆ ಹೊಂದಿಸುವ ಉದ್ದ ಪೆಟ್ಟಿಗೆಯ ದಿಕ್ಸೂಚಿ), ಯು-ಫೋರ್ಕ್ (ಕಾಗದದ ಬಿಂದುವನ್ನು ನೆಲದ ಗೂಟದ ನೇರಕ್ಕೆ ತರಲು ತೂಗುಗುಂಡು ನೇತುಹಾಕುವ ಕವೆ), ತೂಗುಗುಂಡು. ಇದರಲ್ಲಿ ನಾನು ತೀರಾ ಕಮ್ಮಿ ಬಳಸಿದ್ದು ಯು-ಫೋರ್ಕ್. ಹೊಸಬರು ಮಾತ್ರ ಮೊದಲು ಅದರ ಹಿಂದೆಯೇ ಬೀಳುತ್ತಾರೆ, ನಾನೂ ಬಿದ್ದಿದ್ದೆ.

ಲೆಕ್ಕ ಹಾಕಿ ನೋಡಿ. 1:10,000 ಸ್ಕೇಲಿನಲ್ಲಿ ಕಾಗದದ ಮೇಲಿನ ಕಾಲು ಮಿಲಿಮೀಟರ್ ಅಂದರೆ ನೆಲದ ಮೇಲೆ ಎರಡೂವರೆ ಮೀಟರ್. ಹಾಗಿರುವಾಗ ಬೋರ್ಡಿನ ಬಿಂದು ಗೂಟದಿಂದ ಒಂದು ಗೇಣು ಆಚೀಚೆ ಇದ್ದರೆ ಯಾರಿಗೆ ಕಾಣುತ್ತೆ? 1:500ರ ಕೆಲಸ ಬೇರೆ. ಅಲ್ಲಿ ಅದೇ ಕಾಲು ಮಿಲಿಮೀಟರ್ 12.5 ಸೆಂಟಿಮೀಟರ್ ಆಗುತ್ತದೆ, ಫೋರ್ಕ್ ಬೇಕೇ ಬೇಕು.

ಸಣ್ಣ ಸ್ಕೇಲಿನಲ್ಲಿ ನಕ್ಷೆ ಕೆಡಿಸುವುದು ಬೋರ್ಡು ತಿರುಗುವುದು. 1 ಡಿಗ್ರಿ ತಿರುಗಿದರೆ ಸಾಕು, 10 ಸೆಂಟಿಮೀಟರ್ ಗೆರೆಯ ತುದಿ ಸುಮಾರು 1.7 ಮಿಲಿಮೀಟರ್ ಸರಿಯುತ್ತದೆ, ಅಂದರೆ 1:10,000ದಲ್ಲಿ 17 ಮೀಟರ್! ನನ್ನ ಸೆಟ್ಟಿನ ಕ್ಲಾಂಪ್ ಸ್ಕ್ರೂ ಮೂರನೇ ವರ್ಷಕ್ಕೇ ಸಡಿಲವಾಯ್ತು, ಮೊಣಕೈ ಊರಿದರೂ ಬೋರ್ಡು ಜರುಗುತ್ತಿತ್ತು. ಅದಕ್ಕೇ ಈಗ ಸ್ಟೇಷನ್ (ಬೋರ್ಡು ನಿಲ್ಲಿಸಿದ ಜಾಗ) ಬಿಡುವ ಮುಂಚೆ ಮೊದಲು ನೋಡಿದ ಗುರುತನ್ನೇ ಇನ್ನೊಮ್ಮೆ ನೋಡುತ್ತೇನೆ. ಟ್ರಫ್ ಕಂಪಾಸನ್ನು ಅಂದಾಜಿಗೆ ಮಾತ್ರ ನಂಬಿ, ಪಕ್ಕದಲ್ಲಿ ಕಬ್ಬಿಣದ ಬೇಲಿ ಇದ್ದರೆ ಮುಳ್ಳು ಅದರ ಮಾತೇ ಕೇಳುತ್ತದೆ. ಬೋರ್ಡು ಹೊಂದಿಸಲು ಹಿಂದಿನ ಸ್ಟೇಷನ್ ಕಡೆ ತಿರುಗಿ ನೋಡುವಾಗ (ಬ್ಯಾಕ್‌ಸೈಟ್) ಗೆರೆ ಉದ್ದ ಇದ್ದಷ್ಟೂ ಒಳ್ಳೆಯದು.

ರೇಡಿಯೇಶನ್, ಅಂದರೆ ಒಂದೇ ಜಾಗದಿಂದ ಸುತ್ತಲಿನ ಬಿಂದುಗಳಿಗೆ ಗೆರೆ ಎಳೆದು ದೂರ ಅಳೆಯುವುದು, ಹತ್ತಿರದ ವಿವರಕ್ಕೆ ಸರಿ, ಆದರೆ ಪ್ರತಿ ಬಿಂದುವಿಗೂ ಟೇಪ್ ಎಳೆಯಬೇಕು. ನನ್ನ ಕೆಲಸ ಜಾಸ್ತಿ ನಡೆಯುವುದು ಇಂಟರ್‌ಸೆಕ್ಷನ್‌ನಲ್ಲಿ, ಅಂದರೆ ಎರಡು ಜಾಗಗಳಿಂದ ಎಳೆದ ಗೆರೆಗಳು ಕೂಡುವಲ್ಲಿ ಬಿಂದು ಗುರುತಿಸುವುದರಲ್ಲಿ. ಆ ಎರಡು ಜಾಗಗಳ ನಡುವಿನ ಗೆರೆ, ಅಂದರೆ ಬೇಸ್‌ಲೈನ್ ಒಂದನ್ನು ಸರಿಯಾಗಿ ಅಳೆದರೆ ಹಳ್ಳದಾಚೆಯ ಮರವನ್ನೂ ಹಳ್ಳ ದಾಟದೆ ಗುರುತಿಸಬಹುದು. ಗೆರೆಗಳು ತೀರಾ ಚೂಪಾದ ಕೋನದಲ್ಲಿ ಸೇರದಂತೆ ನೋಡಿಕೊಳ್ಳಿ, ಅಷ್ಟೆ.

ರಿಸೆಕ್ಷನ್‌ನಲ್ಲಿ (ನಕ್ಷೆಯಲ್ಲಿ ಈಗಾಗಲೇ ಇರುವ ಗುರುತುಗಳನ್ನು ನೋಡಿ ನಾವು ನಿಂತ ಜಾಗ ಕಂಡುಹಿಡಿಯುವುದು) ಒಮ್ಮೆ ಚೆನ್ನಾಗಿಯೇ ಮೋಸಹೋದೆ. ಗುಡ್ಡದ ಇಳಿಜಾರಿನಲ್ಲಿ ನಿಂತು ಮೂರು ಗುರುತುಗಳಿಂದ ಗೆರೆ ಎಳೆದರೆ ಮೂರೂ ಒಂದೇ ಚುಕ್ಕೆಯಲ್ಲಿ ಸೇರಿದವು, ಗೆರೆಗಳು ಸರಿಯಾಗಿ ಸೇರದಾಗ ಆಗುವ ತಪ್ಪು ತ್ರಿಕೋನದ ಸುಳಿವೇ ಇಲ್ಲ. ಹಿಗ್ಗಿ ಮಧ್ಯಾಹ್ನದವರೆಗೂ ಕೆಲಸ ಮಾಡಿದೆ. ಆಮೇಲೆ ನೀರಿನ ಟ್ಯಾಂಕಿನ ಕಡೆ ಅಲಿಡೇಡ್ ಹಿಡಿದರೆ ಗೆರೆ ನಕ್ಷೆಯ ಮೇಲಿನ ಟ್ಯಾಂಕಿನಿಂದ ಐದು ಮಿಲಿಮೀಟರ್ ದೂರ! ಆ ಮೂರು ಗುರುತುಗಳ ಮೂಲಕ ಹಾಯುವ ವೃತ್ತದ ಮೇಲೇ ನಾನು ನಿಂತಿದ್ದೆ. ಅಲ್ಲಿ ನಿಂತರೆ ಬೋರ್ಡು ಎಷ್ಟೇ ತಿರುಗಿರಲಿ, ಗೆರೆಗಳು ಒಂದೇ ಕಡೆ ಸೇರುತ್ತವೆ. ಬೆಳಿಗ್ಗೆಯ ಕೆಲಸವೆಲ್ಲ ರಬ್ಬರಿಗೆ ಹೋಯ್ತು. ನಾಲ್ಕನೇ ಗುರುತು ನೋಡದೆ ಈಗ ಒಂದು ಗೆರೆಯನ್ನೂ ನಂಬುವುದಿಲ್ಲ.

ಕಾಗದದ ಕಾಟ ಬೇರೆ. ಒಮ್ಮೆ ರಾತ್ರಿಯ ತೇವಕ್ಕೆ 200 ಮಿಲಿಮೀಟರಿನ ಬೇಸ್‌ಲೈನ್ 201 ಆಗಿತ್ತು. ಮಳೆಯಲ್ಲಂತೂ ಕೆಲಸವೇ ಇಲ್ಲ, ಬಿಸಿಲಲ್ಲಿ ಬಿಳಿ ಹಾಳೆ ಕಣ್ಣು ಕುಕ್ಕುತ್ತದೆ. ಹೊರುವ ಭಾರ ಬೇರೆ.

ಆದರೂ ಇದನ್ನು ಬಿಡುವ ಮನಸ್ಸಿಲ್ಲ. ನಕ್ಷೆ ಅಲ್ಲೇ ಕಣ್ಣೆದುರಿಗೆ ಬೆಳೆಯುತ್ತದೆ ಅಲ್ವಾ, ಕಾಲುದಾರಿ ಬಿಟ್ಟುಹೋಗಿದ್ದರೆ ತಲೆ ಎತ್ತಿದ ಕೂಡಲೇ ಗೊತ್ತಾಗುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಡಿಮೆ ಮಾಡಿದ್ದು ಆ ಹಾಳು ಸ್ಕ್ರೂಗೆ.