ದಾರಿಯಲ್ಲಿ ಸೈಕಲ್ ಕೆಟ್ಟರೆ ಪಂಪು ಬೇರೆಯವರ ಕೈಗೆ ಕೊಡಬೇಡಿ

ಹಾಸನ, ಚಿಕ್ಕಮಗಳೂರು ಕಡೆ ಸೈಕಲ್ ಹೊಡೆಯುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ಭಾನುವಾರ ನನಗೆ ಆದದ್ದು ನಿಮಗೆ ಆಗಬಾರದು.

ಬೆಳಗ್ಗೆ ಆರಕ್ಕೆ ಹಾಸನ ಬಿಟ್ಟಿದ್ದೆ. ಬೇಲೂರಿಗೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಚಿಕ್ಕಮಗಳೂರಿಗೆ ಇನ್ನೊಂದು 25. ಬೇಲೂರಲ್ಲಿ ತಿಂಡಿ ತಿಂದು ಏಳೆಂಟು ಕಿಲೋಮೀಟರ್ ಹೋಗಿರಬಹುದು, ಹಿಂದಿನ ಚಕ್ರ ಪಂಚರ್. ಗಾಬರಿ ಏನೂ ಆಗಲಿಲ್ಲ. ಬ್ಯಾಗಿನಲ್ಲಿ ಒಂದು ಹೊಸ ಟ್ಯೂಬ್, ಕೈಪಂಪು ಇತ್ತು. ಟ್ಯೂಬ್ ಬದಲಾಯಿಸಿ ಗಾಳಿ ಹೊಡೆಯುತ್ತಿದ್ದಾಗ ಒಬ್ಬ ಬೈಕ್ ನಿಲ್ಲಿಸಿದ.

"ಏನ್ ಸರ್, ಪಂಚರ್ರಾ? ಕೊಡಿ ಇಲ್ಲಿ, ನೀವು ನೀರು ಕುಡೀರಿ."

ಎಷ್ಟು ಒಳ್ಳೆಯ ಹುಡುಗ ಅಂದುಕೊಂಡು ಪಂಪು ಕೊಟ್ಟೆ. ಬಾಟಲಿ ತೆಗೆಯಲು ತಿರುಗಿದ್ದೆ ಅಷ್ಟೇ. ಟಕ್ ಅಂತ ಸದ್ದು, ಹಿಂದೆಯೇ ಗಾಳಿ ಬುಸ್ಸೆಂದು ಹೋಯಿತು. ನನ್ನದು ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್. ಅದರ ತುದಿಯಲ್ಲಿ ಬೆಂಕಿಕಡ್ಡಿಗಿಂತ ತೆಳ್ಳಗಿನ ಪಿನ್ ಇರುತ್ತದೆ. ಅದು ಮುರಿದು ಅವನ ಅಂಗೈಯಲ್ಲಿತ್ತು. "ಅಯ್ಯೋ ಸರ್, ಮೊದಲೇ ಬಗ್ಗಿತ್ತು" ಅಂದ. ಒರಟಾಗಿ ಪಂಪ್ ಮಾಡಿದರೆ ಆ ಪಿನ್ ಮುರಿಯುವುದುಂಟು, ಹಾಗಾಗಿ ನಾನೂ ನಂಬಿದೆ.

ಅವನು ಫೋನ್ ಮಾಡಿ ಐದು ನಿಮಿಷ ಆಗಿರಲಿಲ್ಲ, ಲಗೇಜ್ ಆಟೋ ಬಂತು. ಅಷ್ಟು ಬೇಗ ಹೇಗೆ ಬಂತು ಅಂತ ಆಗಲೇ ಯೋಚಿಸಬೇಕಿತ್ತು. 300 ರೂಪಾಯಿಗೆ ಚಿಕ್ಕಮಗಳೂರಿನ ಸೈಕಲ್ ಅಂಗಡಿ ಮುಂದೆ ಇಳಿಸುವ ಮಾತಾಯಿತು. ಸೈಕಲ್ ಹಿಂದೆ, ನಾನು ಡ್ರೈವರ್ ಪಕ್ಕ. ಸ್ವಲ್ಪ ದೂರ ಹೋಗಿ ಗಾಡಿ ಮಣ್ಣು ರಸ್ತೆಗೆ ತಿರುಗಿತು. ಎರಡೂ ಕಡೆ ಕಾಫಿ ತೋಟ, ಒಂದು ನರಪಿಳ್ಳೆ ಇಲ್ಲ. ಅಲ್ಲಿ ನಿಲ್ಲಿಸಿ 3,500 ಕೊಡಿ ಅಂದರು. ನಾನು ಜೋರು ಮಾಡಿದೆ. ಹಿಂದೆಯೇ ಬಂದಿದ್ದ ಬೈಕಿನವನು ಏನೂ ಮಾತಾಡದೆ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ಇದಿಲ್ದೆ ಹೋಗ್ತೀರಾ ಸರ್?" ಅಂದ. ಫೋನ್‌ಪೇ ಬೇಡವಂತೆ, ಕ್ಯಾಶೇ ಬೇಕಂತೆ. ಪರ್ಸಿನಲ್ಲಿದ್ದ 2,200 ಪೂರ್ತಿ ಕೊಟ್ಟೆ. ಚಕ್ರ ಎಸೆದು, ಸೈಕಲ್ ಇಳಿಸಿ ಹೊರಟುಹೋದರು.

ಮುಖ್ಯ ರಸ್ತೆಗೆ ತಳ್ಳಿಕೊಂಡು ಬಂದ ಮೇಲೆ ಟ್ರ್ಯಾಕ್ಟರಿನ ಯಜಮಾನರೊಬ್ಬರು ಸಿಕ್ಕರು. ನಿಜ ಹೇಳಬೇಕೆಂದರೆ ಅವರನ್ನು ಕಂಡರೂ ಭಯವಾಯಿತು. ಅವರು ಸೈಕಲ್ ಮುಟ್ಟಲೇ ಇಲ್ಲ. "ನೀವೇ ಹತ್ಸಿ, ಅದರ ಪಕ್ಕದಲ್ಲೇ ಕೂತ್ಕೊಳ್ಳಿ" ಅಂದರು. ಊರಿನವರೆಗೆ ಬಿಟ್ಟು, ಒಂದು ಟೀ ಕುಡಿದು ಹೋದರು. ಆಮೇಲೆ ಠಾಣೆಗೆ ಹೋದೆ. ಮೊದಲು ಕೇಳಿದ್ದೇ ಗಾಡಿ ನಂಬರ್. ನಾನು ನೋಡಿಕೊಂಡಿರಲೇ ಇಲ್ಲ.

ಯಾರಾದರೂ ನಿಂತರೆ ನೀರು ಕೇಳಿ, ಹತ್ತಿರದ ಅಂಗಡಿ ಕೇಳಿ. ಪಂಪು, ಟ್ಯೂಬು ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಗಾಡಿಗೆ ಹತ್ತಲೇಬೇಕಾದರೆ ಮೊದಲು ನಂಬರ್ ಪ್ಲೇಟಿನ ಫೋಟೋ ತೆಗೆದು, ಅವರ ಎದುರೇ ಮನೆಗೆ ಕಳಿಸಿ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ದಾರಿ ಬಿಟ್ಟು ತಿರುಗಿದ ಕೂಡಲೇ 112ಕ್ಕೆ ಫೋನ್ ಮಾಡಿ. ಪ್ರೆಸ್ಟಾ ವಾಲ್ವ್ ಇರುವವರು ಪುಟ್ಟ ಹಿತ್ತಾಳೆ ಅಡಾಪ್ಟರ್ ಇಟ್ಟುಕೊಳ್ಳಿ, ಅದಿಲ್ಲದೆ ಪಂಚರ್ ಅಂಗಡಿಯ ಗಾಳಿ ಹಿಡಿಯುವುದಿಲ್ಲ.

ಈ ಭಾನುವಾರ ನನ್ನ ತಂಗಿ ಮಗ ಅದೇ ದಾರಿಯಲ್ಲಿ ಹೋಗುತ್ತಿದ್ದಾನೆ. ಅವನ ಬ್ಯಾಗಿಗೆ ಎರಡು ಟ್ಯೂಬ್ ಹಾಕಿಟ್ಟಿದ್ದೇನೆ.